ಪದಚರ್ಚೆ: ‘ಸೆಲ್ಫ್ ಅಸೆಂಬ್ಲಿಂಗ್ ಪೆಪ್ಟೈಡ್’ಗೆ ಏನು ಬರೆಯಲಿ? (ತುರ್ತು)

ನಮಸ್ಕಾರ. ಎಂಡೋಸ್ಕೋಪಿ ಮಾಡುವಾಗ ರಕ್ತ ನಿಲ್ಲಿಸಲು ಹಚ್ಚುವ ಜೆಲ್ ಬಗ್ಗೆ ರೋಗಿಗಳ ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಸಂಜೆ ಅಚ್ಚಿಗೆ. ವಸ್ತು ರಾಡಾ16 ಎಂಬ ಪೆಪ್ಟೈಡ್, ಅಂದರೆ ಅಮೈನೊ ಆಮ್ಲಗಳ ಕಿರುಸರಪಳಿ: ಆರ್ಜಿನೈನ್, ಅಲನೈನ್, ಆಸ್ಪಾರ್ಟಿಕ್ ಆಮ್ಲ, ಮತ್ತೆ ಅಲನೈನ್, ಇದೇ ಸರಣಿ ನಾಲ್ಕು ಸಲ, ಒಟ್ಟು 16. ಆಮ್ಲೀಯ ದ್ರಾವಣದಲ್ಲಿ ಹರಿಯುವಂತಿದ್ದು, ರಕ್ತ ತಗುಲಿದರೆ ಸುಮಾರು 10 ನ್ಯಾನೊಮೀಟರ್ ದಪ್ಪದ ಎಳೆಗಳಾಗಿ ಜೆಲ್ ಆಗುತ್ತದೆ. ಹೀಗೆ ಅಣುಗಳು ತಾವೇ ಸೇರಿ ರಚನೆಯಾಗುವ ‘ಸೆಲ್ಫ್ ಅಸೆಂಬ್ಲಿಂಗ್’ಗೆ ‘ಸ್ವಯಂಜೋಡಣೆಯ’ ಎಂದು ಹಾಕಿದ್ದೇನೆ. ಸರಿಯೇ?

---

ಸರಿಯಲ್ಲ. ಜೋಡಣೆ ಎಂದರೆ ಬಿಡಿಭಾಗ ತಂದು ನಟ್ಟು ಬೋಲ್ಟು ಬಿಗಿಯುವ ಕೆಲಸ. ಇಲ್ಲಿ ಬಿಗಿಯುವವರೇ ಇಲ್ಲ. ಅಣುವಿನ ಒಂದು ಮೈ ನೀರನ್ನು ಒಲ್ಲದು, ಇನ್ನೊಂದರಲ್ಲಿ ಧನ, ಋಣ ವಿದ್ಯುದಂಶಗಳಿವೆ. ಹಾಗಾಗಿ ಅವೇ ಒಂದನ್ನೊಂದು ಹಿಡಿದುಕೊಳ್ಳುತ್ತವೆ. ‘ಹೆಣೆದುಕೊಳ್ಳುವ’ ಎನ್ನಿ. ‘ಕೊಳ್ಳು’ ಇರುವಾಗ ‘ಸ್ವಯಂ’ ದಂಡ. ಹಳಗನ್ನಡದ ‘ಪೆಣೆ’, ತಮಿಳಿನ ‘ಪಿಣೈ’ ಒಂದೇ ಬೇರಿನವು. ನಮ್ಮದೇ ಇರುವಾಗ ಸಂಸ್ಕೃತದ ಬಾಗಿಲು ತಟ್ಟುವುದೇಕೆ? ಜೆಲ್‌ಗೂ ‘ಲೋಳೆ’ ಇದೆ.

---

> ಜೆಲ್‌ಗೂ ‘ಲೋಳೆ’ ಇದೆ

ಇಲ್ಲಿ ಆಗದು. ಎಂಡೋಸ್ಕೋಪಿ ಕೈಪಿಡಿಯಲ್ಲಿ ಪಕ್ಕದ ಸಾಲಿನಲ್ಲೇ ‘ಲೋಳೆಪೊರೆ’ ಬರುತ್ತದೆ. ‘ಹೆಪ್ಪುಗಟ್ಟುವ’ ಎಂದೂ ಬರೆಯಬೇಡಿ. ಇದು ಗಾಯದ ಮೇಲೆ ಅಡ್ಡವಾಗಿ ಕೂತು ರಕ್ತ ತಡೆಯುವ ವಸ್ತು. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ‘ಹೆಪ್ಪು’ ಓದಿ ಹೆದರುತ್ತಾರೆ.

‘ಹೆಣೆದುಕೊಳ್ಳುವ’ ಚೆನ್ನಾಗಿದೆ, ಬೇರಿನ ವಾದ ಮಾತ್ರ ಒಪ್ಪೆ. ಸಂಸ್ಕೃತಕ್ಕೆ ಬಾಗಿಲು ಹಾಕಿದವರು ಗ್ರೀಕಿನ ‘ನ್ಯಾನೊ’ವನ್ನು ಹೇಗೆ ಬಿಟ್ಟುಕೊಂಡಿರಿ? ಪಠ್ಯದಲ್ಲಿ ‘ಸಸಾರಜನಕ’ ಎಂದು ಬರೆದೂ ಬರೆದೂ ಜನ ಇವತ್ತಿಗೂ ಅನ್ನುವುದು ಪ್ರೋಟೀನ್. ಓದುವವರು ಯಾರೆಂದು ನೋಡಿ.

---

‘ಹೆಣೆದುಕೊಳ್ಳುವ’ ಕೈಪಿಡಿಗೆ ಸರಿ, ಶಾಸ್ತ್ರಕ್ಕೆ ಸಾಲದು. 1993ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಶುಗುವಾಂಗ್ ಝಾಂಗ್ ಯೀಸ್ಟ್ ಪ್ರೋಟೀನೊಂದರ ತುಣುಕಿನಲ್ಲಿ ಕಂಡದ್ದು ಎಳೆಗಳು, ನಿಜ. ಆದರೆ 2003ರಲ್ಲಿ ಟೆಲ್ ಅವೀವ್‌ನ ಎಹುದ್ ಗಾಜಿಟ್ ತಂಡ ತೋರಿಸಿದ್ದು, ಎರಡೇ ಫೀನೈಲ್‌ಅಲನೈನ್ ಅಮೈನೊ ಆಮ್ಲ ಸೇರಿದ ಪೆಪ್ಟೈಡ್ ಕೊಳವೆಯಾಗುವುದನ್ನು. ಬೆಳವಣಿಗೆಯ ಹಾರ್ಮೋನ್ ಅತಿಯಾಗಿ ಬರುವ ಅಕ್ರೊಮೆಗಲಿ ರೋಗಕ್ಕೆ ಕೊಡುವ ಲಾನ್ರಿಯೋಟೈಡ್ ಎಂಬ ಪೆಪ್ಟೈಡ್ ಔಷಧ ಕೂಡ ನೀರಿನಲ್ಲಿ ಕೊಳವೆಯೇ ಆಗುತ್ತದೆ. ಕೊಳವೆಯಲ್ಲಿ ಹೆಣಿಗೆ ಎಲ್ಲಿದೆ? ‘ತಾವಾಗಿ ಒಗ್ಗೂಡುವ’ ಎಲ್ಲಕ್ಕೂ ಸಲ್ಲುತ್ತದೆ.

---

ಸಭೆ, ಪಕ್ಷ ಒಗ್ಗೂಡುತ್ತವೆ. ಕೈಪಿಡಿಯಲ್ಲಿ ಕೊಳವೆ ಇಲ್ಲ. ನಿಘಂಟು ಮಾಡುವಾಗ ನೋಡೋಣ.

---

ಎಲ್ಲರಿಗೂ ವಂದನೆ. ಹೀಗೆ ಕಳಿಸುತ್ತಿದ್ದೇನೆ: ‘ರಕ್ತ ತಗುಲಿದ ಕೂಡಲೇ ಅತಿ ಸಣ್ಣ ನಾರುಗಳಾಗಿ ಹೆಣೆದುಕೊಂಡು ಗಾಯ ಮುಚ್ಚುವ ಪೆಪ್ಟೈಡ್ ಜೆಲ್.’

---

‘ನಾರು’ ತೆಗೆಯಿರಿ. ಹೊಟ್ಟೆಯ ರೋಗಿಗೆ ನಾರು ಎಂದರೆ ಊಟದ ನಾರಿನಂಶ. ನೀವೇ ಮೊದಲು ಬರೆದ ‘ಎಳೆ’ ಇರಲಿ.