2013-14ರ ಐ-ಲೀಗ್: ಹುಟ್ಟಿದ ವರ್ಷವೇ ಬೆಂಗಳೂರು ಎಫ್‌ಸಿ (ಬಿಎಫ್‌ಸಿ) ಗೆದ್ದಿದ್ದು ಬರೀ ದುಡ್ಡಿನಿಂದಲೇ? ಆಗ ನೋಡಿದವರು ಹೇಳಿ

ಹಾಸನದ_ಹುಡುಗ:

ಎಲ್ಲರಿಗೂ ನಮಸ್ಕಾರ. ನಾನು ಫುಟ್‌ಬಾಲ್ ನೋಡಲು ಶುರು ಮಾಡಿದ್ದೇ ತಡವಾಗಿ. 2019ರ ಮಾರ್ಚ್‌ನಲ್ಲಿ ಮುಂಬೈಯಲ್ಲಿ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಫೈನಲ್ ನಡೆಯಿತಲ್ಲ, ಗೋವಾ ವಿರುದ್ಧ ಹೆಚ್ಚುವರಿ ಸಮಯದಲ್ಲಿ ರಾಹುಲ್ ಭೇಕೆ ತಲೆಯಿಂದ ಗೋಲು ಹೊಡೆದು ಗೆಲ್ಲಿಸಿದ್ದು, ಅದೇ ನಾನು ಪೂರ್ತಿ ಕೂತು ನೋಡಿದ ಮೊದಲ ಬಿಎಫ್‌ಸಿ ಪಂದ್ಯ. ಅವತ್ತಿನಿಂದ ಬಿಟ್ಟಿಲ್ಲ.

ಈಗ ಹಳೇ ಸೀಸನ್‌ಗಳ ಬಗ್ಗೆ ಓದುತ್ತಿದ್ದೇನೆ. 2013ರಲ್ಲಿ ಕ್ಲಬ್ ಹುಟ್ಟಿತು, 2014ರ ಏಪ್ರಿಲ್‌ಗೆ ಆಗಿನ ಮೇಲಿನ ಲೀಗ್ ಆದ ಐ-ಲೀಗ್ ಗೆದ್ದು ದೇಶದ ಚಾಂಪಿಯನ್! 24 ಪಂದ್ಯ, 47 ಪಾಯಿಂಟ್. ಎರಡನೇ ಸ್ಥಾನದ ಈಸ್ಟ್ ಬೆಂಗಾಲ್‌ಗೆ 43. ಇದನ್ನು ನಮ್ಮ ಚಿಕ್ಕಪ್ಪನ ಮಗನಿಗೆ ಹೇಳಿದರೆ ಅವನು "ಅದರಲ್ಲೇನಿದೆ, ಮಾಲೀಕ ಕಂಪನಿ ಜೆಎಸ್‌ಡಬ್ಲ್ಯೂ ದುಡ್ಡು ಸುರಿಯಿತು, ಕೆಳಗಿನ ಲೀಗ್ ಆಡದೆ ನೇರವಾಗಿ ಮೇಲೆ ಬಂದರು, ಛೆಟ್ರಿಯನ್ನು ಕರೆತಂದರು, ಗೆದ್ದರು" ಅಂತ ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟ. ಉತ್ತರ ಕೊಡಲು ನನಗೆ ಗೊತ್ತಾಗಲಿಲ್ಲ. ನಿಜವಾಗಿಯೂ ಅಷ್ಟೇನಾ? ಅಶೋಕನಗರದ ಸ್ಟೇಡಿಯಂನಲ್ಲಿ ಆಗ ಕೂತು ನೋಡಿದವರು ಯಾರಾದರೂ ಇದ್ದರೆ ದಯವಿಟ್ಟು ಬರೆಯಿರಿ.

ಆಸ್ಟಿನ್‌ಟೌನ್_ಹಳಬ:

ತಮ್ಮಾ, ಒಳ್ಳೇ ಪ್ರಶ್ನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡ.

ಮೊದಲು ಅದಕ್ಕೂ ಹಿಂದಿನ ಕಥೆ ಗೊತ್ತಿರಬೇಕು. ನಮ್ಮ ಏರಿಯಾದಲ್ಲಿ, ಹಲಸೂರಿನ ಗೌತಮಪುರದಲ್ಲಿ, ಫುಟ್‌ಬಾಲ್ ಅಂದರೆ ಮನೆಮನೆಯ ಮಾತು. ಗೌತಮಪುರದಲ್ಲಿ ಪೆಲೆಯ ಪ್ರತಿಮೆಯೇ ಇದೆ, ಹೋಗಿ ನೋಡು. ಆದರೆ ದೇಶದ ಮಟ್ಟದಲ್ಲಿ ನಮ್ಮ ಊರಿನ ಹೆಸರು ಉಳಿಸಿದ್ದು ಐಟಿಐ, ಎಚ್‌ಎಎಲ್ ಥರದ ಕಾರ್ಖಾನೆ ತಂಡಗಳು. ಹುಡುಗರು ಚೆನ್ನಾಗಿ ಆಡಿದರೆ ಅಲ್ಲಿ ಕೆಲಸ ಸಿಗುತ್ತಿತ್ತು. ಬೆಳಿಗ್ಗೆ ಕೆಲಸ, ಸಂಜೆ ಪ್ರಾಕ್ಟೀಸ್. ಎಚ್‌ಎಎಲ್ ಎರಡು ಸೀಸನ್ ಐ-ಲೀಗ್ ಆಡಿ 2012ರಲ್ಲಿ ಕೆಳಗೆ ಇಳಿಯಿತು. ಆ ಪಂದ್ಯಗಳಿಗೆ ನಾನು ಹೋಗಿದ್ದೇನೆ. ಗ್ಯಾಲರಿಯಲ್ಲಿ ನಾವು ಕೂಗಿದ್ದು ನಮಗೇ ವಾಪಸ್ ಕೇಳಿಸುತ್ತಿತ್ತು. ಆಮೇಲೆ ಒಂದು ವರ್ಷ ಬೆಂಗಳೂರಿನಿಂದ ಮೇಲಿನ ಲೀಗ್‌ನಲ್ಲಿ ತಂಡವೇ ಇಲ್ಲ.

ಹಾಗಾಗಿ 2013ರ ಸೆಪ್ಟೆಂಬರ್ 22, ಭಾನುವಾರ, ಗರುಡಾ ಮಾಲ್ ಪಕ್ಕದ ಅದೇ ಸ್ಟೇಡಿಯಂನಲ್ಲಿ ಮೋಹನ್ ಬಾಗಾನ್ ವಿರುದ್ಧ ಮೊದಲ ಪಂದ್ಯ ಅಂದಾಗ ನಾನು ಹೆಚ್ಚೇನೂ ನಿರೀಕ್ಷೆ ಇಟ್ಟುಕೊಳ್ಳದೆ ಹೋದೆ. ಒಳಗೆ ಕಾಲಿಟ್ಟರೆ ನೀಲಿ ಅಂಗಿ ಹಾಕಿಕೊಂಡ ಹುಡುಗರು, ಹುಡುಗಿಯರು, ಸಂಸಾರ ಸಮೇತ ಬಂದವರು. ಬಾಗಾನ್‌ನವರೂ ತುಂಬಾ ಜನ ಇದ್ದರು, ಬೆಂಗಳೂರಿನಲ್ಲಿ ಬಂಗಾಳಿಗಳಿಗೇನು ಕೊರತೆ ಅಲ್ವಾ. ಆಸ್ಟ್ರೇಲಿಯಾದ ಶಾನ್ ರೂನಿ ಕ್ಲಬ್‌ನ ಮೊದಲ ಲೀಗ್ ಗೋಲು ಹೊಡೆದ. 1-1ರಲ್ಲಿ ಮುಗಿಯಿತು. ಗೆಲ್ಲದಿದ್ದರೂ ಮನೆಗೆ ಹೋಗುವಾಗ ನನಗೆ ಗಂಟಲು ಕಟ್ಟಿತ್ತು.

ಈಗ ದುಡ್ಡಿನ ಮಾತು. ನೇರ ಪ್ರವೇಶ ಸಿಕ್ಕಿದ್ದು ನಿಜ, ಅದನ್ನು ಮುಚ್ಚಿಡುವುದು ಬೇಡ. ಆದರೆ ಆಗ ದುಡ್ಡು ಯಾರ ಹತ್ತಿರ ಇರಲಿಲ್ಲ ಹೇಳು? ಡೆಂಪೊ, ಸಾಲ್‌ಗಾಂವ್‌ಕರ್ ಎರಡೂ ಗೋವಾದ ದೊಡ್ಡ ಉದ್ಯಮಿ ಮನೆತನಗಳ ತಂಡಗಳು. ಬಾಗಾನ್, ಈಸ್ಟ್ ಬೆಂಗಾಲ್ ಎರಡಕ್ಕೂ ಪ್ರಾಯೋಜಕರು ನಮ್ಮ ಬೆಂಗಳೂರಿನ ಯುಬಿ ಗುಂಪೇ! ಒಂದು ಅಂಗಿಯ ಮೇಲೆ ಮೆಕ್‌ಡೊವೆಲ್, ಇನ್ನೊಂದರ ಮೇಲೆ ಕಿಂಗ್‌ಫಿಷರ್. ನಮ್ಮ ಊರಿನ ದುಡ್ಡು ಎಷ್ಟೋ ವರ್ಷ ಕೋಲ್ಕತ್ತಾದ ಫುಟ್‌ಬಾಲ್ ನಡೆಸಿತು, ನಮ್ಮ ಮೈದಾನ ಖಾಲಿ ಹೊಡೆಯುತ್ತಿತ್ತು. ಆ ಸೀಸನ್‌ನಲ್ಲಿ ಬಾಗಾನ್‌ಗೆ ಒಡಾಫಾ ಅಂಥ ಹೆಸರುವಾಸಿ ಸ್ಟ್ರೈಕರ್ ಇದ್ದ. ಪ್ರಶಸ್ತಿಯ ಹತ್ತಿರಕ್ಕೂ ಬರಲಿಲ್ಲ. ದುಡ್ಡೊಂದೇ ಸಾಕಾಗಿದ್ದರೆ ಬಾಗಾನ್ ಯಾಕೆ ಗೆಲ್ಲಲಿಲ್ಲ ಅಂತ ನಿನ್ನ ಅಣ್ಣತಮ್ಮನನ್ನು ಕೇಳು.

ನನ್ನ ಲೆಕ್ಕದಲ್ಲಿ ಗೆಲ್ಲಿಸಿದ್ದು ದಿನಚರಿ. ಕೋಚ್ ಆಶ್ಲಿ ವೆಸ್ಟ್‌ವುಡ್ ಊಟ, ನಿದ್ದೆ, ಫಿಟ್ನೆಸ್ ವಿಷಯದಲ್ಲಿ ತುಂಬಾ ಕಟ್ಟುನಿಟ್ಟು. ಅದರ ಫಲ ಮೈದಾನದಲ್ಲಿ ಕಣ್ಣಿಗೆ ಕಾಣುತ್ತಿತ್ತು. ಎದುರಿನವರು ಕೊನೆಯ ಇಪ್ಪತ್ತು ನಿಮಿಷ ಸೊಂಟದ ಮೇಲೆ ಕೈ ಇಟ್ಟು ನಿಂತಿದ್ದರೆ ನಮ್ಮವರು ಇನ್ನೂ ಓಡುತ್ತಿದ್ದರು. ಹಿಂದೆ ಡಿಫೆನ್ಸ್‌ನಲ್ಲಿ ಇಂಗ್ಲೆಂಡಿನ ಜಾನ್ ಜಾನ್ಸನ್, ಕೀನ್ಯಾದ ಕರ್ಟಿಸ್ ಒಸಾನೊ. ಈ ಇಬ್ಬರೂ ಬರುವ ಮುಂಚೆ ಇಲ್ಲಿ ಯಾರಿಗೂ ಅವರ ಹೆಸರು ಗೊತ್ತಿರಲಿಲ್ಲ. ದುಬಾರಿ ತಾರೆಗಳೇನಲ್ಲ, ಸರಿಯಾಗಿ ಹುಡುಕಿ ತಂದವರು. ಆ ಜೋಡಿ ಗೋಡೆಯ ಹಾಗೆ ನಿಂತಿತು.

ಪಾಯಿಂಟ್‌ಪಟ್ಟಿ:

ಹಳಬರು ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಇದನ್ನು ಯಾರೂ ಹೇಳುವುದಿಲ್ಲ ಅಂತ ನನಗೆ ಯಾವಾಗಲೂ ಬೇಸರ.

ಆ ವರ್ಷ ಲೀಗ್‌ನಲ್ಲಿ 13 ತಂಡ. ಗೋವಾದಿಂದ ನಾಲ್ಕು (ಡೆಂಪೊ, ಸಾಲ್‌ಗಾಂವ್‌ಕರ್, ಚರ್ಚಿಲ್, ಸ್ಪೋರ್ಟಿಂಗ್), ಬಂಗಾಳದಿಂದ ನಾಲ್ಕು (ಈಸ್ಟ್ ಬೆಂಗಾಲ್, ಬಾಗಾನ್, ಮೊಹಮ್ಮಡನ್, ಯುನೈಟೆಡ್), ಶಿಲ್ಲಾಂಗ್‌ನಿಂದ ಎರಡು (ಲಾಜೊಂಗ್, ರಂಗ್‌ದಾಜಿಡ್). ಪುಣೆ ಒಂದು, ಮುಂಬೈ ಒಂದು, ನಾವು ಒಂದು. ಅಂದರೆ ಗೋವಾದ ತಂಡವೊಂದಕ್ಕೆ 12 ಹೊರಗಿನ ಪಂದ್ಯಗಳಲ್ಲಿ ಮೂರು ಮನೆಯ ಹಿತ್ತಲಲ್ಲೇ. ಕೋಲ್ಕತ್ತಾದವರಿಗೂ ಅಷ್ಟೇ. ಬಿಎಫ್‌ಸಿಗೆ ಪಕ್ಕದ ಊರು ಅಂತ ಒಂದೂ ಇರಲಿಲ್ಲ. ಹನ್ನೆರಡಕ್ಕೆ ಹನ್ನೆರಡೂ ದೂರದ ಪ್ರಯಾಣ. ಶಿಲ್ಲಾಂಗ್‌ನ ಚಳಿ, ಕೋಲ್ಕತ್ತಾದ ಸೆಕೆ, ಗೋವಾದ ಬೆವರು. ಇಷ್ಟೆಲ್ಲಾ ಸುತ್ತಾಡಿ 14 ಗೆಲುವು, 5 ಡ್ರಾ, ಬರೀ 5 ಸೋಲು. ಅದೂ ಹೊಸದಾಗಿ ಒಟ್ಟಿಗೆ ಸೇರಿಸಿದ ತಂಡ! ವೆಸ್ಟ್‌ವುಡ್ ಫಿಟ್ನೆಸ್ ಅಂತ ಯಾಕೆ ತಲೆ ತಿನ್ನುತ್ತಿದ್ದರು ಅನ್ನುವುದು ಈ ಪ್ರಯಾಣದ ಪಟ್ಟಿ ನೋಡಿದರೆ ಅರ್ಥವಾಗುತ್ತದೆ.

ಛೆಟ್ರಿ ಬಗ್ಗೆ: ಆ ಸೀಸನ್‌ನಲ್ಲಿ 14 ಗೋಲು. ಅದರ ಹಿಂದಿನ ವರ್ಷ ಪೋರ್ಚುಗಲ್‌ನ ಸ್ಪೋರ್ಟಿಂಗ್‌ನಿಂದ ಲೋನ್ ಮೇಲೆ (ಅಂದರೆ ತಾತ್ಕಾಲಿಕವಾಗಿ) ಚರ್ಚಿಲ್‌ಗೆ ಬಂದು ಅಲ್ಲೂ ಲೀಗ್ ಗೆದ್ದಿದ್ದರು. ಅಂಥವರು ಹೊಸ ಕ್ಲಬ್‌ಗೆ ಸಹಿ ಹಾಕಿದ್ದು ದೊಡ್ಡ ನಂಬಿಕೆಯ ಕೆಲಸ.

ಕಾರವಾರದಿಂದ:

ಪ್ರಶಸ್ತಿ ಗೆದ್ದ ದಿನ ನಾನು ಮಡಗಾಂವ್‌ನ ಫಾತೋರ್ಡಾ ಸ್ಟೇಡಿಯಂನಲ್ಲಿ ಇದ್ದೆ! 2014ರ ಏಪ್ರಿಲ್ 21, ಸೋಮವಾರ. ನಮ್ಮಲ್ಲಿ ಲೋಕಸಭೆ ಮತದಾನ ಮುಗಿದು ನಾಲ್ಕು ದಿನ ಆಗಿತ್ತು. ಚುನಾವಣಾ ಡ್ಯೂಟಿ ಮಾಡಿ ಸುಸ್ತಾಗಿದ್ದ ನಮ್ಮ ಭಾವನವರನ್ನು ಎಬ್ಬಿಸಿಕೊಂಡು ಹೋದೆ. ನಮಗೆ ಬೆಂಗಳೂರಿಗಿಂತ ಮಡಗಾಂವ್ ಎಷ್ಟೋ ಹತ್ತಿರ. ರೈಲು ಹತ್ತಿದರೆ ಆಯಿತು. ನಿಜ ಹೇಳಬೇಕೆಂದರೆ ನಾವು ಕಾರವಾರದವರು ಚಿಕ್ಕಂದಿನಿಂದ ಗೋವಾ ತಂಡಗಳನ್ನೇ ನೋಡಿಕೊಂಡು ಬೆಳೆದವರು. ಭಾವನವರು ಡೆಂಪೊ ಕಟ್ಟಾ ಅಭಿಮಾನಿ. ಐದು ಸಲ ದೇಶದ ಚಾಂಪಿಯನ್ ಆದ ತಂಡ, ಸುಮ್ನೆ ಮಾತಲ್ಲ.

ಆ ದಿನ ಡೆಂಪೊ ವಿರುದ್ಧ ಗೆದ್ದರೆ ಬಿಎಫ್‌ಸಿಗೆ ಒಂದು ಪಂದ್ಯ ಬಾಕಿ ಇರುವಾಗಲೇ ಪ್ರಶಸ್ತಿ. ಹಿಂದೆ ಬಿದ್ದಿದ್ದ ಈಸ್ಟ್ ಬೆಂಗಾಲ್‌ಗೆ ಕೋಚ್ ಯಾರು ಗೊತ್ತಾ? ಆರ್ಮಾಂಡೊ ಕೊಲಾಸೊ, ಡೆಂಪೊವನ್ನು ಆ ಎತ್ತರಕ್ಕೆ ಬೆಳೆಸಿದ ಅದೇ ಮನುಷ್ಯ. ಹಾಗಾಗಿ ನಮ್ಮ ಸುತ್ತ ಕೂತಿದ್ದ ಹಳೇ ಗೋವಾ ಜನ ಡೆಂಪೊ ಗೆದ್ದು ಆರ್ಮಾಂಡೊಗೆ ದಾರಿ ಮಾಡಿಕೊಡಲಿ ಅಂತ ಮನಸಾರೆ ಬಯಸುತ್ತಿದ್ದರು.

ಬಿಎಫ್‌ಸಿ 4-2ರಲ್ಲಿ ಗೆದ್ದಿತು. ಡ್ರಾ ಹಿಡಿದುಕೊಂಡು ಹೋಗೋಣ ಅನ್ನುವ ಆಟ ಅಲ್ಲವೇ ಅಲ್ಲ. ಬೆಂಗಳೂರಿನಿಂದ ಬಂದಿದ್ದ ಅಭಿಮಾನಿ ಬಳಗ ವೆಸ್ಟ್ ಬ್ಲಾಕ್ ಬ್ಲೂಸ್‌ನ ಹುಡುಗರು ಒಂದು ಮೂಲೆಯಲ್ಲಿ ಡ್ರಮ್ ಬಾರಿಸುತ್ತಾ ನಿಂತೇ ಇದ್ದರು, ಒಂದು ನಿಮಿಷವೂ ಕೂರಲಿಲ್ಲ. ಸೀಟಿ ಊದಿದ ಮೇಲೆ ಭಾವನವರು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದು, ಆಮೇಲೆ ಎದ್ದು ನಿಂತು ಚಪ್ಪಾಳೆ ಹೊಡೆದರು. ನಾನು ಕನ್ನಡದಲ್ಲಿ ಕೂಗಿದ್ದು ಕೇಳಿ ಆ ಹುಡುಗರಲ್ಲಿ ಒಬ್ಬ ಓಡಿ ಬಂದು "ಅಣ್ಣಾ ಎಲ್ಲಿಂದ ಬಂದ್ರಿ" ಅಂತ ತಬ್ಬಿಕೊಂಡ. ಅವನ ಹೆಸರು ಕೇಳಲೂ ಇಲ್ಲ. ಅವನೇನಾದರೂ ಇದನ್ನು ಓದುತ್ತಿದ್ದರೆ ಉತ್ತರ ಕೊಡಪ್ಪಾ.

ಜಿಲ್ಲಾಲೀಗ್_ಗೋಲಿ:

ಎಲ್ಲರ ಖುಷಿಯಲ್ಲಿ ನನಗೂ ಪಾಲಿದೆ, ಆದರೂ ಒಂದು ಮಾತು ಕೇಳಲೇಬೇಕು. ಆ ತಂಡದಲ್ಲಿ ನಮ್ಮ ಊರಿನ ಹುಡುಗರು ಎಷ್ಟು ಜನ? ಶಂಕರ್ ಸಂಪಂಗಿರಾಜ್ ಇದ್ದರು. ಇನ್ನೆಷ್ಟು ಹೆಸರು ಥಟ್ಟನೆ ನೆನಪಾಗುತ್ತವೆ? 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. 1956, 1960ರ ಒಲಿಂಪಿಕ್ಸ್ ತಂಡಗಳಲ್ಲಿ ನಮ್ಮ ಕೆಂಪಯ್ಯ ಇದ್ದರು. ಮೈಸೂರು ರಾಜ್ಯ ನಾಲ್ಕು ಸಲ ರಾಜ್ಯ ತಂಡಗಳ ಸಂತೋಷ್ ಟ್ರೋಫಿ ಗೆದ್ದಿತ್ತು. ಇಷ್ಟು ಹಿನ್ನೆಲೆ ಇರುವ ಊರಿನ ಕ್ಲಬ್ ಗೆದ್ದಾಗ ಮೈದಾನದಲ್ಲಿ ನಮ್ಮ ಬೀದಿಯ ಹುಡುಗ ಕಾಣಲಿ ಅಂತ ಆಸೆ ಪಡುವುದು ತಪ್ಪಾ?

ನಾನು ಆಗ ಕೆಳಗಿನ ಡಿವಿಷನ್‌ನಲ್ಲಿ ಗೋಲ್‌ಕೀಪರ್. ನಮಗೆ ಕೈಗವಸು ಹರಿದರೆ ಹೊಲಿಗೆ ಹಾಕಿಕೊಂಡು ಆಡಬೇಕಿತ್ತು. ಪಕ್ಕದಲ್ಲೇ ಇಷ್ಟು ದೊಡ್ಡ ಸಂಭ್ರಮ ನಡೆಯುತ್ತಿದ್ದಾಗ ಸಂತೋಷದ ಜೊತೆ ಸಂಕಟವೂ ಆಗುತ್ತಿತ್ತು.

ಆಸ್ಟಿನ್‌ಟೌನ್_ಹಳಬ:

ಗೋಲಿ ಅವರೇ, ತಪ್ಪಲ್ಲ, ಖಂಡಿತ ತಪ್ಪಲ್ಲ. ನನ್ನ ಎದೆಯಲ್ಲೂ ಇದೇ ಮಾತಿದೆ. ಮೊದಲ ವರ್ಷ ಗೆಲ್ಲಬೇಕು ಅಂದರೆ ಮಣಿಪುರ, ಮಿಜೋರಾಂ, ಕೇರಳ ಎಲ್ಲಾ ಕಡೆಯಿಂದ ಪಳಗಿದ ಆಟಗಾರರನ್ನು ತರಲೇಬೇಕಿತ್ತು, ಅದನ್ನು ನಾನು ಒಪ್ಪುತ್ತೇನೆ. ಆದರೆ ನಮ್ಮ ಗಲ್ಲಿಯ ಹುಡುಗರು ಮೇಲೆ ಬರಲು ಆದದ್ದು ನಿಧಾನ, ತುಂಬಾ ನಿಧಾನ. 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಲ್ಲಿ ಸೋಲಿಸಿ 54 ವರ್ಷದ ಮೇಲೆ ಸಂತೋಷ್ ಟ್ರೋಫಿ ಮತ್ತೆ ಬಂದಾಗ ನಾನು ಬಿಎಫ್‌ಸಿ ಗೆದ್ದಾಗ ಅತ್ತಿದ್ದಕ್ಕಿಂತ ಜಾಸ್ತಿ ಅತ್ತೆ. ಎರಡೂ ನಮ್ಮದೇ. ಆದರೆ ಹರಿದ ಕೈಗವಸಿನಲ್ಲಿ ಆಡಿದ ನಿಮಗೆ ಅದು ಇನ್ನೂ ಹೆಚ್ಚು ನಿಮ್ಮದು.

ಹಾಸನದ_ಹುಡುಗ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಪ್ರಯಾಣದ ಲೆಕ್ಕ ನನಗೆ ಹೊಳೆದೇ ಇರಲಿಲ್ಲ, ಅದನ್ನು ಹಾಗೇ ನಮ್ಮ ಹುಡುಗನಿಗೆ ಕಳಿಸಿದ್ದೇನೆ. ಅವನು ಉತ್ತರ ಕೊಟ್ಟಿಲ್ಲ ಇನ್ನೂ. ಗೋಲಿ ಸರ್ ಮಾತು ಓದಿ ಸ್ವಲ್ಪ ಹೊತ್ತು ಯೋಚನೆಗೆ ಬಿದ್ದೆ.

ಇನ್ನೊಂದು ಕೇಳಲಾ? ಮುಂದಿನ ಸೀಸನ್ ಕೊನೆಯ ಪಂದ್ಯದಲ್ಲಿ ಮತ್ತೆ ಅದೇ ಬಾಗಾನ್ ಅಂತೆ, ಕಂಠೀರವದಲ್ಲಿ?

ಪಾಯಿಂಟ್‌ಪಟ್ಟಿ:

ಹೌದು. 2015ರ ಮೇ 31. ನಾವು ಗೆಲ್ಲಲೇಬೇಕು, ಅವರಿಗೆ ಡ್ರಾ ಸಾಕು. ಜೋರು ಮಳೆ. ಜಾನ್ಸನ್ ಗೋಲಿನಿಂದ ನಾವೇ ಮುಂದೆ. 87ನೇ ನಿಮಿಷದಲ್ಲಿ ಬೆಲ್ಲೊ ರಝಾಕ್ ತಲೆಯಿಂದ ಸಮ ಮಾಡಿದ, ಟ್ರೋಫಿ ಕೋಲ್ಕತ್ತಾಗೆ ಹೋಯಿತು. ಇದಕ್ಕಿಂತ ಹೆಚ್ಚು ಬರೆಯಲು ನನ್ನ ಕೈಲಿ ಆಗಲ್ಲ, ಹಳಬರು ಬರೆಯಲಿ.

ಆಸ್ಟಿನ್‌ಟೌನ್_ಹಳಬ:

ಇವತ್ತು ಬೇಡ. ನಾಳೆ ಬರೆಯುತ್ತೇನೆ. ಮೊದಲ ಪಂದ್ಯದ ಟಿಕೆಟ್ ಬೀರುವಿನಲ್ಲಿ ಎಲ್ಲೋ ಇದೆ, ಸಿಕ್ಕಿದರೆ ಅದರ ಫೋಟೋ ಕೂಡ ಹಾಕುತ್ತೇನೆ.