ಪದಚರ್ಚೆ: ಸಗಣಿ ಹುಳು, ಗೊಣ್ಣೆ ಹುಳು, ಕುರುವಾಯಿ – ಮನೆತನಕ್ಕೊಂದು ಹೆಸರು ಬೇಕಾಗಿದೆ

ಬಲ್ಲವರಿಗೆ ನಮಸ್ಕಾರ.

ಹಾಸನದಲ್ಲಿ ನಮ್ಮ ಬೀದಿಯ ಕೊನೆಗೊಂದು ಶಾಲೆಯಿದೆ. ಅಲ್ಲಿನ ಮಕ್ಕಳು ಈ ವರ್ಷ ಮಳೆ ಶುರುವಾದಾಗಿನಿಂದ ತಿಪ್ಪೆ, ಹಟ್ಟಿ, ಹೂಗಿಡ, ಬೀದಿದೀಪದ ಬುಡ ಎಲ್ಲವನ್ನೂ ಜಾಲಾಡಿ ಐದು ಪೆಟ್ಟಿಗೆ ತುಂಬ ಹುಳು ಸೇರಿಸಿದ್ದಾರೆ. ನಾನು ಬಹಳ ವರ್ಷ ಕರಡು ತಿದ್ದಿದವನು ಎಂಬ ಒಂದೇ ಕಾರಣಕ್ಕೆ ಪೆಟ್ಟಿಗೆಗಳಿಗೆ ಚೀಟಿ ಬರೆಯುವ ಕೆಲಸ ನನಗೆ ಅಂಟಿತು. ವಿಜ್ಞಾನದ ಮೇಷ್ಟರು ಹೇಳಿದ್ದು ಇಷ್ಟು: ಐದರಲ್ಲೂ ಇರುವುದು ಒಂದೇ ಕುಟುಂಬ, ಸ್ಕ್ಯಾರಬಿಡೇ. ಮೇಲೆ ಒಂದು ದೊಡ್ಡ ಹೆಸರು, ಅದರ ಕೆಳಗೆ ಐದು ಚಿಕ್ಕ ಹೆಸರು, ಎಲ್ಲವೂ ಕನ್ನಡದಲ್ಲಿರಬೇಕು. ಒಂದು ಸಂಜೆಯ ಕೆಲಸವೆಂದುಕೊಂಡೆ. ಮೂರು ವಾರವಾಯಿತು, ದೊಡ್ಡ ಚೀಟಿ ಇನ್ನೂ ಖಾಲಿ.

ಮೊದಲು ಬರೆದದ್ದು ‘ದುಂಬಿ’. ಮೇಷ್ಟರು ಒಪ್ಪಿದರು, ಅವರ ಪಕ್ಕದಲ್ಲಿದ್ದ ಕನ್ನಡದ ಮೇಡಂ ಒಪ್ಪಲಿಲ್ಲ. ಬನವಾಸಿಯ ನಂದನದಲ್ಲಿ ಮರಿದುಂಬಿಯಾಗಿ ಹುಟ್ಟಬೇಕೆಂದು ಪಂಪ ಬಯಸಿದ್ದು ಸಗಣಿ ಉರುಳಿಸಲಿಕ್ಕೋ ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಕಾವ್ಯದ ದುಂಬಿ ತಾವರೆಗೆ ಮುತ್ತುವ ಕರಿಯ ಜೇನಿನ ಜಾತಿ. ಸಂಸ್ಕೃತದ ಭ್ರಮರ, ಭೃಂಗಗಳ ಜಾಗದಲ್ಲಿ ಕೂರುವ ಮಾತು. ತೆಲುಗಿನ ತುಮ್ಮೆದವೂ ಅದೇ. ಮಲಯಾಳದಲ್ಲಿ ತುಂಬಿ ಎಂದರೆ ಏರೋಪ್ಲೇನ್ ಚಿಟ್ಟೆ. ನಮ್ಮಲ್ಲೂ ಹಳೆಯ ರೂಪ ತುಂಬಿಯೇ. ಬೆಟ್ಟ ಮತ್ತು ತಾವರೆ ಸೇರಿ ಬೆಟ್ಟದಾವರೆಯಾದ ಹಾಗೆ ಮರಿ ಮತ್ತು ತುಂಬಿ ಸೇರಿದಾಗ ತಕಾರ ದಕಾರವಾಯಿತು. ಸಮಾಸದೊಳಗಿನ ಆ ‘ದುಂಬಿ’ ಆಮೇಲೆ ಬಿಡಿಯಾಗಿಯೂ ಹೊರಬಂದಿರಬಹುದು ಎಂಬುದು ನನ್ನ ಊಹೆ. ವ್ಯಾಕರಣ ಬಲ್ಲವರು ತಿದ್ದಲಿ. ಅದೇನೇ ಇರಲಿ, ಇವತ್ತಿನ ಕೃಷಿ ಬರಹದಲ್ಲಿ ದುಂಬಿಗೆ ಜೇನಿನ ಸಂಬಂಧ ಪೂರ್ತಿ ಕಡಿದುಹೋಗಿದೆ. ಗಟ್ಟಿ ಕವಚದ ರೆಕ್ಕೆಯುಳ್ಳದ್ದೆಲ್ಲ ಅಲ್ಲಿ ದುಂಬಿ.

ಇದೊಂದು ಅಡ್ಡಮಾತು. ಶೃಂಗೇರಿಯ ಕಡೆಯವರಿಗೆ ಕೀಟಭೃಂಗ ನ್ಯಾಯ ಚೆನ್ನಾಗಿ ಗೊತ್ತು: ಭೃಂಗವನ್ನೇ ನೆನೆನೆನೆದು ಕೀಟವೂ ಭೃಂಗವಾಗುತ್ತದೆ. ಅಲ್ಲಿ ನಿಜವಾಗಿ ಹುಳು ಹಿಡಿದು ಗೂಡಿನಲ್ಲಿ ತುಂಬುವುದು ಕಣಜ. ಆ ಹುಳು ಕಣಜವಾಗುವುದಿಲ್ಲ, ಕಣಜದ ಮರಿಗೆ ಊಟವಾಗುತ್ತದೆ. ಕೀಟವು ಸತ್ಯವಾಗಿಯೂ ಭೃಂಗವಾಗುವ ಉದಾಹರಣೆ ಬೇಕಿದ್ದರೆ ತಿಪ್ಪೆ ಕೆದಕಿದರೆ ಸಾಕಿತ್ತು.

ಎರಡನೆಯ ಪ್ರಯತ್ನ ‘ಜೀರುಂಡೆ’. ಎಷ್ಟೋ ಪುಸ್ತಕಗಳಲ್ಲಿ ಕವಚರೆಕ್ಕೆಯ ಇಡೀ ಗಣಕ್ಕೆ ಇದೇ ಹೆಸರು. ಈ ಮಾತು ಮಲೆನಾಡಿನಲ್ಲಿ ಏನು ಮಾಡುತ್ತದೆ ಎಂಬುದನ್ನು ಕೊಪ್ಪದ ಬಳಿ ಅಡಿಕೆ ತೋಟ ಮಾಡಿಕೊಂಡಿರುವ ನನ್ನ ತಂಗಿಯ ಮನೆಯಲ್ಲಿ ನೋಡಿದೆ. ಯಾರೋ ಹಂಚಿದ್ದ ಕರಪತ್ರದಲ್ಲಿ ‘ಬೇರು ಹುಳುವಿನ ಹತೋಟಿಗೆ ಮುಸ್ಸಂಜೆಯಲ್ಲಿ ಜೀರುಂಡೆಗಳನ್ನು ಕೈಯಿಂದ ಆರಿಸಿ ನಾಶಪಡಿಸಿ’ ಎಂದಿತ್ತು. ಭಾವನವರು ಅದನ್ನು ಗಟ್ಟಿಯಾಗಿ ಓದಿ, ‘ಮರದ ನೆತ್ತಿಯಲ್ಲಿ ಕೂತು ಕಿರುಚುವುದನ್ನು ಏಣಿ ಹಾಕಿ ಇಳಿಸಬೇಕಂತೆ, ಬೇರಿಗೂ ಅದಕ್ಕೂ ಏನು ಸಂಬಂಧ?’ ಎಂದು ಕರಪತ್ರವನ್ನು ವೀಳ್ಯದೆಲೆ ಸುತ್ತಲು ಇಟ್ಟುಕೊಂಡರು. ಅವರಿಗೆ ಜೀರುಂಡೆಯೆಂದರೆ ಕಿವಿಗೆ ಬೀಳುವ ಪ್ರಾಣಿ, ಕಾಡು ತುಂಬ ಜೀರ್ ಎನ್ನುವುದು. ಕಣ್ಣಿಗೆ ಕಂಡದ್ದು ಕಡಿಮೆ. (ಆ ಹಾಡುವ ಜೀರುಂಡೆಯ ಮರಿಯೂ ಮಣ್ಣಿನೊಳಗಿದ್ದು ಬೇರಿನ ರಸವನ್ನೇ ಹೀರುತ್ತದೆ. ಅದನ್ನು ನಾನು ಆಗ ಹೇಳಲಿಲ್ಲ.) ಕರಪತ್ರ ಬರೆದವರ ಸಲಹೆ ಸರಿಯಾಗಿಯೇ ಇತ್ತು, ಕೆಡಿಸಿದ್ದು ಒಂದು ಪದ.

ಇನ್ನು ಬೆಂಕಿಪೆಟ್ಟಿಗೆಯಲ್ಲಿ ಜಾಲಿ ಸೊಪ್ಪು ಹಾಕಿ ಸಾಕುತ್ತಿದ್ದ ‘ಜೀರ್ಜಿಂಬೆ’ ಇದೆಯಲ್ಲ, ಹೊಳೆಯುವ ಹಸಿರು ಕವಚದ್ದು, ಅದೂ ನಮ್ಮ ಪೆಟ್ಟಿಗೆಗೆ ಸಲ್ಲುವುದಿಲ್ಲ. ಅದರ ಕುಟುಂಬ ಬೇರೆ, ಬ್ಯುಪ್ರೆಸ್ಟಿಡೇ. ಒಬ್ಬ ಹುಡುಗ ತಂದಿದ್ದ ಜೀರ್ಜಿಂಬೆಯನ್ನು ಮೇಷ್ಟರು ವಾಪಸು ಕೊಟ್ಟಾಗ ಅವನ ಮುಖ ನೋಡಬೇಕಿತ್ತು.

ಉಳಿದದ್ದು ‘ಹುಳು’. ಮಿಂಚುಹುಳು, ಗುಲಗಂಜಿ ಹುಳು, ಮೂತಿಹುಳು ಎಲ್ಲವೂ ಕವಚರೆಕ್ಕೆಯವೇ. ಆದರೆ ರೇಷ್ಮೆಯದ್ದೂ ಹುಳು, ಹಣ್ಣಿನೊಳಗಿನದ್ದೂ ಹುಳು. ಹಾವು ಕಚ್ಚಿದರೂ ‘ಹುಳು ಮುಟ್ಟಿತು’ ಎನ್ನುವ ನಾಡಿನಲ್ಲಿ ಆ ಪದದಿಂದ ಗಡಿ ಎಳೆಯಲಾಗದು.

ಹಾಗಾದರೆ ಈ ಕುಟುಂಬವನ್ನು ಒಟ್ಟಿಗೆ ಹಿಡಿದಿರುವುದಾದರೂ ಏನು? ಮೇಷ್ಟರು ಮಸೂರ ಕೊಟ್ಟು ಮೀಸೆ ನೋಡಿ ಎಂದರು. ಸ್ಪರ್ಶಾಂಗದ ತುದಿ ದಾರದಂತೆ ಸಪೂರವಾಗಿಲ್ಲ. ಮೂರರಿಂದ ಏಳು ತೆಳ್ಳನೆಯ ಎಸಳುಗಳು ಒಂದರ ಮೇಲೊಂದು ಮಡಿಸಿಕೊಂಡು ಗದೆಯಂತೆ ಕಾಣುತ್ತವೆ. ವಾಸನೆ ಹಿಡಿಯಬೇಕಾದಾಗ ಅವು ಬೀಸಣಿಗೆಯಂತೆ ಬಿಚ್ಚಿಕೊಳ್ಳುತ್ತವೆ. ಜೀವಂತವಾಗಿದ್ದ ಒಂದು ಹುಳು ನನ್ನ ಅಂಗೈಯಲ್ಲೇ ಅದನ್ನು ಬಿಚ್ಚಿ ತೋರಿಸಿತು. ಕತ್ತೆಲದ್ದಿ ತಿನ್ನುವುದಿರಲಿ, ಗುಲಾಬಿ ತಿನ್ನುವುದಿರಲಿ, ಮೂಗು ಒಂದೇ ಅಚ್ಚು. ಮರಿಯ ರೂಪವೂ ಒಂದೇ: ಬೆಳ್ಳಗೆ, ದಪ್ಪಗೆ, ಗುದ್ದಲಿಗೆ ಸಿಕ್ಕರೆ ಮೈ ಸುರುಳಿ ಮಾಡಿಕೊಂಡು ಅರ್ಧಚಂದ್ರನಂತೆ ಬಿದ್ದಿರುತ್ತದೆ. ಕವಚರೆಕ್ಕೆಯ ಗಣದಲ್ಲಿ ಹೆಸರು ಪಡೆದ ಪ್ರಭೇದಗಳೇ ಮೂರೂವರೆ ಲಕ್ಷ ಮೀರುತ್ತವೆ. ಅದರಲ್ಲಿ ಈ ಒಂದು ಮನೆತನದ್ದೇ ಸುಮಾರು 30,000. ಲಿನೇಯಸ್ 1758ರಲ್ಲಿ ಸ್ಕ್ಯಾರಬಿಯಸ್ ಎಂಬ ಒಂದೇ ಕುಲದಲ್ಲಿ ತುರುಕಿದ್ದನ್ನು ಬಿಡಿಸಿ ಕುಟುಂಬವಾಗಿಸಿದವರು ಫ್ರಾನ್ಸಿನ ಲಾತ್ರೇಯ್, 1802ರಲ್ಲಿ. ಆ ಹಳೆಯ ಲ್ಯಾಟಿನ್ ಹೆಸರಿನ ನಂಟು ಗ್ರೀಕಿನ ‘ಕಾರಬೋಸ್’ ಜೊತೆ ಎನ್ನುತ್ತಾರೆ. ಗ್ರೀಕರು ಆ ಪದವನ್ನು ಕೊಂಬಿನ ಹುಳುವಿಗೂ ಕಡಲಿನ ಏಡಿಜಾತಿಗೂ ಬಳಸುತ್ತಿದ್ದರು. ಜೀರುಂಡೆಯ ಗೊಂದಲಕ್ಕೆ ನಾವೊಬ್ಬರೇ ನಾಚಿಕೊಳ್ಳಬೇಕಾಗಿಲ್ಲ.

ಈಗ ನನ್ನ ನಿಜವಾದ ಮಾತು. ಹುಡುಕುತ್ತಾ ಹೋದಂತೆ ನನಗೆ ಕಂಡದ್ದೇನೆಂದರೆ, ಈ ಹುಳುಗಳಿಗೆ ಕನ್ನಡದಲ್ಲಿ ಹೆಸರಿಗೆ ಬರವಿಲ್ಲ. ಆದರೆ ನಾವು ಹೆಸರಿಟ್ಟಿರುವುದು ಹುಳುವಿಗಲ್ಲ, ಅದು ನಮಗೆ ತೊಂದರೆ ಕೊಡುವ ವಯಸ್ಸಿಗೆ.

ಅರಸೀಕೆರೆಯ ತೆಂಗಿನ ತೋಟಕ್ಕೆ ಹೋಗಿ ಕೇಳಿ. ಸುಳಿ ಕೊರೆಯುವ, ಮೂಗಿನ ಮೇಲೆ ಕೊಂಬಿರುವ ಕರಿಯ ಹುಳುವನ್ನು ಪ್ರತಿಯೊಬ್ಬರೂ ಬಲ್ಲರು. ಅದು ಮಡಿಸಿದ ಎಳೆಯ ಗರಿಯನ್ನು ಕೊರೆಯುತ್ತದೆ. ಗರಿ ಬಿಚ್ಚಿದಾಗ ಕತ್ತರಿಯಾಡಿಸಿದ ಬೀಸಣಿಗೆಯಂತೆ ಕಾಣುತ್ತದೆ. ಕರಪತ್ರದಲ್ಲಿ ಅದು ‘ರೈನೋಸರಸ್ ದುಂಬಿ’, ಕರಾವಳಿಯವರ ಬಾಯಲ್ಲಿ ‘ಕುರುವಾಯಿ’. ಅದರ ಮರಿ ಎಲ್ಲಿ ಬೆಳೆಯುತ್ತದೆ? ಅದೇ ತೋಟದ ಗೊಬ್ಬರದ ಗುಂಡಿಯಲ್ಲಿ, ಕೊಳೆತ ತೆಂಗಿನ ಮರದ ಬೊಡ್ಡೆಯಲ್ಲಿ. ಮರಿ ತಿನ್ನುವುದು ಕೊಳೆತದ್ದನ್ನು, ಬೆಳೆಗೆ ಬಾಧೆಯಿಲ್ಲ. ಆದ್ದರಿಂದ ಅದಕ್ಕೆ ಸ್ವಂತ ಹೆಸರಿಲ್ಲ. ಬರೀ ‘ಗೊಬ್ಬರದ ಹುಳು’. ಇದೇ ಮುಂದೆ ಸುಳಿ ಕೊರೆಯುವುದು ಎಂದರೆ ನಂಬದ ಹಿರಿಯರನ್ನು ಕಂಡಿದ್ದೇನೆ.

ಕೊಪ್ಪಕ್ಕೆ ಬನ್ನಿ, ಎಲ್ಲವೂ ತಿರುವುಮುರುವು. ಅಲ್ಲಿ ಹೆಸರಿರುವುದು ಮರಿಗೆ: ಬೇರು ಹುಳು. ಅಡಿಕೆಯ ಬೇರು ತಿಂದು ಮರವನ್ನು ಸೊರಗಿಸುವ ಲ್ಯೂಕೊಫೋಲಿಸ್ ಕುಲದ ಮರಿ ಅದು. ಬಯಲುಸೀಮೆಯ ರಾಗಿ, ಕಬ್ಬಿನ ಹೊಲಗಳಲ್ಲಿ ಹೋಲೊಟ್ರೈಕಿಯಾದ ಮರಿಗೆ ‘ಗೊಣ್ಣೆ ಹುಳು’ ಎಂಬ ಹೆಸರು. ಗೊಣ್ಣೆ ಎಂದರೆ ಮೂಗಿನ ಸಿಂಬಳವೇ. ಆ ಬೆಳ್ಳನೆಯ ಮೆತ್ತನೆಯ ಮೈಗೆ ಇದಕ್ಕಿಂತ ಒಪ್ಪುವ ಪದ ಯಾವ ಪಂಡಿತನಿಗೂ ಹೊಳೆಯುತ್ತಿರಲಿಲ್ಲ. ಆದರೆ ಮಳೆ ಬಿದ್ದ ಮೇಲೆ ಮುಸ್ಸಂಜೆಯಲ್ಲಿ ಸ್ವಲ್ಪ ಹೊತ್ತು ಮಾತ್ರ ಮಣ್ಣಿನಿಂದೆದ್ದು ಹಾರಾಡಿ, ಕೂಡಿ, ಮತ್ತೆ ಮಣ್ಣಿಗಿಳಿಯುವ ಆ ಕಂದು ತಾಯಿಹುಳುವಿಗೆ ನನಗೆ ಸಿಕ್ಕ ಹೆಸರು ಸೊನ್ನೆ. ಬೇವಿನ ಮರದಲ್ಲಿ ರಾಶಿ ಕೂತಿದ್ದರೂ ಅದು ‘ಮಳೆಹುಳು’, ದೀಪಕ್ಕೆ ಬರುವ ಇನ್ನೂ ಹತ್ತು ಹುಳುಗಳ ಜೊತೆ ಹನ್ನೊಂದನೆಯದು. ಕರಪತ್ರದವರು ಆರಿಸಿರಿ ಎಂದದ್ದು ಇದನ್ನೇ. ಹೆಸರೇ ಇಲ್ಲದ್ದನ್ನು ಭಾವನವರು ಹೇಗೆ ಆರಿಸಬೇಕು?

ಮಲಯಾಳದವರನ್ನು ಕೇಳಿದೆ. ಕೊಂಬಿನದ್ದು ‘ಕೊಂಬನ್ ಚೆಲ್ಲಿ’, ನಮ್ಮ ಕೆಂಪು ಮೂತಿ ಹುಳು ‘ಚೆಂಬನ್ ಚೆಲ್ಲಿ’. ಎಷ್ಟು ಚಂದದ ಜೋಡಿ! ಆದರೆ ಶಾಸ್ತ್ರದಲ್ಲಿ ಇವೆರಡೂ ಬೇರೆ ಬೇರೆ ಕುಟುಂಬ. ಅವರಿಗೂ ಲೆಕ್ಕ ತೆಂಗಿನದ್ದೇ.

ಸಗಣಿಯವುಗಳಿಗೆ ಬಂದರೆ ಹೆಸರು ಕೆಲಸದಿಂದ ಬಂದಿದೆ, ಆದರೆ ಕೆಲಸ ಒಂದಲ್ಲ. ಉಂಡೆ ಕಟ್ಟಿ ಹಿಂಗಾಲಿನಿಂದ ಉರುಳಿಸಿಕೊಂಡು ಹೋಗುವವು ಕಡಿಮೆ. ಪುರಾತನ ಈಜಿಪ್ಟಿನವರು ಸೂರ್ಯನನ್ನು ತಳ್ಳುವ ಖೆಪ್ರಿ ದೇವರನ್ನು ಕಂಡದ್ದು ಇವುಗಳಲ್ಲಿ. ಒಂದು ಕುಲಕ್ಕೆ ಬಂಡೆ ಉರುಳಿಸುವ ಶಾಪ ಹೊತ್ತ ಗ್ರೀಕರ ಸಿಸಿಫಸ್‌ನ ಹೆಸರೇ ಇದೆ. ಹೆಚ್ಚಿನವು ರಾಶಿಯ ಕೆಳಗೇ ಸುರಂಗ ತೋಡಿ ಸಗಣಿಯನ್ನು ಒಳಕ್ಕೆ ಇಳಿಸುತ್ತವೆ. 2,000ಕ್ಕೂ ಹೆಚ್ಚು ಪ್ರಭೇದಗಳಿರುವ ಆಂಥೊಫೇಗಸ್ ಕುಲ ಇದೇ ಬಗೆಯದು. ಮೂರನೆಯ ಪಂಗಡ ಎಲ್ಲೂ ಹೋಗದೆ ರಾಶಿಯೊಳಗೇ ಸಂಸಾರ ಹೂಡುತ್ತದೆ. ಅಕ್ಕಿಕಾಳಿನಷ್ಟಿರುವ ಆಫೋಡಿಯಸ್ ಬಳಗದ ಹೆಚ್ಚಿನವು ಇಂಥವು. ಶಾಸ್ತ್ರದಲ್ಲಿ ಅವು ಬೇರೆ ಉಪಕುಟುಂಬ, ಮೇಷ್ಟರು ಜಾಗವಿಲ್ಲದೆ ಮೊದಲ ಪೆಟ್ಟಿಗೆಯ ಮೂಲೆಗೆ ಅಂಟಿಸಿದ್ದಾರೆ. ಆ ಪೆಟ್ಟಿಗೆಯ ರಾಜ ಮಾತ್ರ ಸಕಲೇಶಪುರದ ಕಡೆಯ ಕಾಫಿ ತೋಟದಿಂದ ಬಂದ, ಆನೆಲದ್ದಿಯನ್ನು ಆಶ್ರಯಿಸುವ ಹೀಲಿಯೋಕಾಪ್ರಿಸ್. ಅದು ಮಣ್ಣು ಮೆತ್ತಿ ನೆಲದಡಿ ಇಡುವ ಉಂಡೆ ಎಷ್ಟು ದೊಡ್ಡದೆಂದರೆ, ಹಿಂದೆ ಅದನ್ನು ಅಗೆದು ತೆಗೆದವರು ಹಳೆಯ ಕಾಲದ ಫಿರಂಗಿ ಗುಂಡು ಎಂದುಕೊಂಡದ್ದುಂಟು.

ಇಲ್ಲೇ ಒಬ್ಬಳು ಹುಡುಗಿ ನನ್ನನ್ನು ಸಿಕ್ಕಿಸಿದಳು: ‘ಉಂಡೆ ಮಾಡುವುದರಿಂದಲೇ ಜೀರುಂಡೆ ಅಲ್ಲವೇ?’ ಅಲ್ಲವೆಂದೇ ನನಗನ್ನಿಸುತ್ತದೆ. ಜೀರು ಎಂಬುದು ಸದ್ದು; ಉಂಡೆ ಕಟ್ಟುವವು ಹಾರುವಾಗ ಗುಂಯ್‌ಗುಡುವುದು ನಿಜವಾದರೂ ಆ ಹೆಸರು ಹಿಡಿಯುವಷ್ಟು ಗದ್ದಲಗಾರವಲ್ಲ. ಆದರೆ ‘ಸಗಣಿ ಜೀರುಂಡೆ’ ಎಂಬ ಪ್ರಯೋಗ ಪುಸ್ತಕಗಳಲ್ಲಿ ಇಷ್ಟು ಸುಲಭವಾಗಿ ನೆಲೆಯೂರಲು ಆ ‘ಉಂಡೆ’ಯ ಭ್ರಮೆಯೇ ನೆರವಾಗಿರಬಹುದೇ? ಜೀರುಂಡೆಯ ಕೊನೆಯ ಭಾಗದ ಮೂಲ ಬಲ್ಲವರು ಇದ್ದರೆ ದಯವಿಟ್ಟು ಬಿಡಿಸಿ ಹೇಳಿ.

ಎಲೆ ತಿನ್ನುವ ಮಿರುಗುಬಣ್ಣದವಕ್ಕೆ, ಹಿಂಗಾಲಿನ ಎರಡು ಉಗುರುಗಳಲ್ಲಿ ಒಂದು ಉದ್ದ ಒಂದು ಗಿಡ್ಡ ಇರುವವಕ್ಕೆ, ‘ಎಲೆದುಂಬಿ’ ಎಂದು ಬರೆದು ಮುಂದಕ್ಕೆ ಹೋದೆ. ಯಾರೂ ತಕರಾರು ಮಾಡಲಿಲ್ಲ.

ದೊಡ್ಡ ಚೀಟಿಗೆ ನನ್ನ ಸಲಹೆ ‘ಎಸಳುಮೀಸೆ’. ಎಸಳುಮೀಸೆಯ ಬಳಗ, ಅದರಲ್ಲಿ ಸಗಣಿಯವು, ಬೇರಿನವು, ಎಲೆಯವು, ಕೊಂಬಿನವು, ಹೂವಿನವು. ಮರಿಗೂ ತಾಯಿಗೂ ಒಂದೇ ಹೆಸರು ಓಡಲಿ ಎಂಬ ಆಸೆ: ಬೇರು ಹುಳುವಿನ ತಾಯಿಯನ್ನು ‘ಬೇರೆಸಳುಮೀಸೆ’ ಎಂದರೆ ಭಾವನವರಿಗೆ ಕೊಂಡಿ ಸಿಗಬಹುದು. ಕನ್ನಡದ ಮೇಡಂ ಆ ಪದ ಕೇಳಿ ನಕ್ಕರು, ‘ಬೇರೆ ಸಳುಮೀಸೆ’ ಎಂದು ಒಡೆದು ಓದುತ್ತಾರೆ ಎಂದರು. ಸರಿಯೇ. ಅದನ್ನು ಕೈಬಿಟ್ಟು ‘ಬೇರು ಹುಳುವಿನ ತಾಯಿ’ ಎಂದೇ ಬರೆದಿದ್ದೇನೆ, ಉದ್ದವಾದರೂ ಅರ್ಥವಾಗುತ್ತದೆ. ಗಂಡುಹುಳುವಿಗೂ ‘ತಾಯಿ’ಯೇ ಎಂದು ಮಕ್ಕಳು ಕೇಳಿದರೆ ಏನು ಹೇಳಲಿ ಎಂಬುದನ್ನೂ ತಿಳಿಸಿ.

ಐದನೆಯ ಪೆಟ್ಟಿಗೆಯೇ ನನ್ನನ್ನು ಹೆಚ್ಚು ಕಾಡುತ್ತಿರುವುದು. ಹೂವಿನ ಪರಾಗ, ಕಳಿತ ಹಣ್ಣು ತಿನ್ನುವ ಇವು ಉಳಿದವುಗಳಂತೆ ಕವಚವನ್ನು ಎತ್ತಿ ಹಾರುವುದಿಲ್ಲ; ಕವಚ ಮುಚ್ಚಿಕೊಂಡೇ ಪಕ್ಕದ ಸಂದಿನಿಂದ ಒಳರೆಕ್ಕೆ ಚಾಚಿ ಹಾರುತ್ತವೆ. ಮರಿಯಂತೂ ಕಾಲಿದ್ದರೂ ಕಾಲಿನಲ್ಲಿ ನಡೆಯದೆ ಅಂಗಾತ ಬಿದ್ದು ಬೆನ್ನಿನ ಮೇಲೆ ತೆವಳುತ್ತದೆ. ತಿಪ್ಪೆಯಲ್ಲಿ ಸಿಕ್ಕ ಹುಳುವನ್ನು ಸಿಮೆಂಟಿನ ನೆಲದ ಮೇಲೆ ಬಿಟ್ಟು ನೋಡಿ, ಬೆನ್ನಿನ ಮೇಲೆ ಹೊರಟಿತೆಂದರೆ ಅದು ಗೊಣ್ಣೆ ಹುಳುವಲ್ಲ, ಇದು. ಇಷ್ಟು ವಿಚಿತ್ರ ನಡೆಯ ಪ್ರಾಣಿಯನ್ನು ತಿಪ್ಪೆ ಎತ್ತುವವರು ತಲೆಮಾರುಗಳಿಂದ ನೋಡಿಯೂ ಹೆಸರಿಟ್ಟಿಲ್ಲವೆಂದರೆ ನನಗೆ ನಂಬಿಕೆ ಬರುವುದಿಲ್ಲ. ಹೊಳೆನರಸೀಪುರ, ಕಡೂರು, ತರೀಕೆರೆ, ಮೂಡಿಗೆರೆ ಕಡೆಯವರು ಮನೆಯ ಹಿರಿಯರನ್ನು ಒಮ್ಮೆ ಕೇಳಿ ನೋಡುವಿರಾ? ‘ಬೆನ್ನು ನಡಿಗೆ’, ‘ಅಂಗಾತ’ ಇಂಥ ಅರ್ಥ ಬರುವ ಯಾವುದಾದರೂ ಹುಳುವಿನ ಹೆಸರು ಬಳಕೆಯಲ್ಲಿದೆಯೇ? ಪ್ರದರ್ಶನ ಮುಂದಿನ ಶನಿವಾರ.