ನಾಣಿ ಸಿಗರೇಟು ಬಿಟ್ಟ, ನಮ್ಮನ್ನು ಬಿಡಲಿಲ್ಲ

"ನನ್ನನ್ನ ಸಿಗರೇಟು ಬಿಟ್ಟೋನು ಅನ್ಬೇಡ್ರೋ," ಅಂದ ನಾಣಿ, ಬೈಟೂ ಕಾಫಿಯಲ್ಲಿ ಜಾಸ್ತಿ ತುಂಬಿದ್ದ ಲೋಟವನ್ನೇ ಎತ್ತಿಕೊಳ್ಳುತ್ತಾ. "ಬಿಟ್ಟೋನು ಅಂದ್ರೆ ಮನಸ್ಸು ಇನ್ನೂ ಅಲ್ಲೇ ಇದೆ ಅಂತ. ನಾನು ಸೇದೋನೇ ಅಲ್ಲ. ಅದು ನನ್ನ ಐಡೆಂಟಿಟಿ. ಕೋಚ್ ಹೇಳಿದಾರೆ."

"ಇದಕ್ಕೂ ಕೋಚಾ?" ಸೀನ ಬಾಯಿ ಬಿಟ್ಟ.

"ಹೂಂ. ದಿನಾ ಹತ್ತು ಸಲ ಜೋರಾಗಿ ಹೇಳ್ಬೇಕು. ನಾನು ಸೇದೋನಲ್ಲ, ನಾನು ಸೇದೋನಲ್ಲ..."

"ಹತ್ತು ಅಂದ್ರೆ ಒಂದು ಪ್ಯಾಕು," ಅಂದ ಸುಬ್ಬು. "ಮೊದಲು ಸೇದಿ ಮುಗಿಸ್ತಿದ್ದೆ. ಈಗ ಹೇಳಿ ಮುಗಿಸ್ತೀಯ."

"ನಗ್ಬೇಡ, ಸುಬ್ಬು. ಇದು ಸೈನ್ಸು."

"ನಮ್ಮಜ್ಜಿ ತೊಂಬತ್ತು ದಾಟಿ ಬದುಕಿದ್ಲು ಕಣೋ. ಒಂದು ದಿನಾನೂ 'ನಾನು ಸಿಗರೇಟು ಸೇದೋಳಲ್ಲ' ಅಂದಿದ್ದು ಕೇಳಿಲ್ಲ. ಸೇದದೇ ಇರೋದು ಅಂದ್ರೆ ಅದು."

"ನಿಮ್ಮಜ್ಜಿ ಎಲೆಅಡಿಕೆ ಜೊತೆ ಹೊಗೆಸೊಪ್ಪು ಹಾಕ್ತಿದ್ರಲ್ಲೋ," ಸೀನ ನೆನಪಿಸಿದ.

"ಅದು ಬೇರೆ ಖಾತೆ."

ವಿಶ್ವನಿಗೆ ಲೆಕ್ಕ ಒಪ್ಪಿಸದಿದ್ದರೆ ಕಾಫಿ ಇಳಿಯುವುದಿಲ್ಲ. "ನಿಕೋಟಿನ್ ಮೂರ್ನಾಲ್ಕು ದಿನಕ್ಕೆ ಮೈ ಬಿಟ್ಟು ಹೋಗುತ್ತೆ. ಚಡಪಡಿಕೆ ಮೊದಲ ವಾರ ಜಾಸ್ತಿ, ಎರಡರಿಂದ ನಾಲ್ಕು ವಾರದಲ್ಲಿ ಇಳಿಯುತ್ತೆ. ಬಿಡೋಕೆ ಸಹಾಯ ಬೇಕಂದ್ರೆ ಸರ್ಕಾರದ್ದೇ ನಂಬರ್ ಇದೆ, 1800-11-2356. ಪುಕ್ಕಟೆ. ಪ್ಯಾಕಿನ ಮೇಲೇ ಹಾಕಿದಾರೆ."

"ಸಿಗರೇಟು ಬಿಟ್ಟವರ ಮಾತು ಬಿಡಿಸೋಕೆ ಯಾವ ನಂಬರ್ರು?" ಅಂದ ಸುಬ್ಬು. "ನಿಕೋಟಿನ್ ನಾಲ್ಕು ದಿನಕ್ಕೆ ಹೋಯ್ತು. ಇವನ ಸ್ಟೇಟಸ್ಸು ನಾಲ್ಕು ತಿಂಗಳಾದ್ರೂ ಹೋಗ್ತಿಲ್ಲ. ಸೇದ್ತಿದ್ದಾಗ ಐದೈದು ನಿಮಿಷ ಆದ್ರೂ ಬಾಯಿಗೆ ಬೇರೆ ಕೆಲಸ ಇರ್ತಿತ್ತು."

"ನಮ್ಮ ರಾಜ್ಯದಲ್ಲಿ ಪಬ್ಲಿಕ್ಕಲ್ಲಿ ಸೇದಿದ್ರೆ ದಂಡ ಇನ್ನೂರಿದ್ದಿದ್ದು ಸಾವಿರ ಆಯ್ತು, 2025ರಲ್ಲಿ," ಅಂದ ವಿಶ್ವ, ಯಾರೂ ಕೇಳದಿದ್ದರೂ.

"ಸೇದಲಿಲ್ಲ ಅಂತ ಪಬ್ಲಿಕ್ಕಲ್ಲಿ ಹೇಳ್ಕೊಂಡ್ರೂ ಹಾಕ್ಬೇಕು ಐನೂರು," ಅಂದ ಸುಬ್ಬು.

ನಾಣಿ ಬೈತಾನೆ ಅಂದುಕೊಂಡೆವು. ಬೈಯಲಿಲ್ಲ. ತೋರುಬೆರಳು, ನಡುಬೆರಳು ಸ್ವಲ್ಪ ಅಗಲಿಸಿಕೊಂಡು ಲೋಟದ ಅಂಚು ಸವರುತ್ತಿದ್ದ. ಆ ಬೆರಳುಗಳಿಗೆ ಕೋಚ್ ಇನ್ನೂ ಏನೂ ಹೇಳಿಕೊಟ್ಟಿರಲಿಲ್ಲ.

"ಸೇದೋ ಆಸೆ ಇಲ್ಲ ಕಣ್ರೋ, ನಿಜವಾಗ್ಲೂ. ಆಫೀಸಲ್ಲಿ ಹನ್ನೊಂದು ಗಂಟೆಗೆ ಎಲ್ಲಾ ಕೆಳಗೆ ಹೋಗ್ತಾರೆ. ನನ್ನ ಕರೆಯಲ್ಲ. ಪಾಪ, ಒಳ್ಳೇದಕ್ಕೇ. ಮೊನ್ನೆ ಒಬ್ಬನೇ ಹೋಗಿ ಕಾಂಪೌಂಡ್ ಹತ್ರ ನಿಂತೆ. ಸೆಕ್ಯೂರಿಟಿಯವನು ಬಂದು 'ಯಾರು ಬೇಕಿತ್ತು ಸಾರ್?' ಅಂದ. ಎಂಟು ವರ್ಷ ಅಲ್ಲೇ ಸಿಗರೇಟು ಹಿಡ್ಕೊಂಡು ನಿಂತಿದೀನಿ, ಒಬ್ರೂ ಕೇಳಿಲ್ಲ. ಬರೀ ಕೈಯಲ್ಲಿ ಸುಮ್ನೆ ನಿಂತ್ರೆ ಅನುಮಾನ."

ಯಾರೂ ನಗಲಿಲ್ಲ. ಸೀನ ಬಿಲ್ಲಿಗೆ ಕೈ ಹಾಕಿದ, ಅದೂ ತಾನಾಗಿಯೇ.

"ನಾಳೆ ಹನ್ನೊಂದಕ್ಕೆ ನಾನೂ ಬರ್ತೀನಿ," ಅಂದ ಸುಬ್ಬು. "ಇಬ್ರೂ ಸುಮ್ನೆ ನಿಲ್ಲೋಣ. ಬೆಂಗಳೂರಲ್ಲಿ ಇಬ್ರು ಕೈ ಕಟ್ಕೊಂಡು ಕಾಂಪೌಂಡ್ ನೋಡ್ತಾ ನಿಂತ್ರೆ ಸೈಟ್ ತಗೊಳ್ಳೋಕೆ ಬಂದಿದಾರೆ ಅಂದ್ಕೋತಾರೆ. ಸೆಕ್ಯೂರಿಟಿಯವನೇ ಕುರ್ಚಿ ತಂದು ಹಾಕ್ತಾನೆ, ನೋಡ್ತಿರು."